ರೇಸ್ ಟೈರು ರಸ್ತೆಗಿಳಿದರೆ

ಪೋರ್ಷೆ, ಫೆರಾರಿಯಂಥ ವೇಗದ ಕಾರುಗಳನ್ನು ಹೊಂದಿದವರಲ್ಲಿ ಕೆಲವರಿಗೆ ರೇಸ್ ಪಥದ ಟೈರುಗಳನ್ನೇ ತಮ್ಮ ಕಾರಿಗೂ ಹಾಕಿಸುವ ಆಸೆಯಿರುತ್ತದೆ. ಹಿಡಿತ ಹೆಚ್ಚಿದಷ್ಟೂ ಸುರಕ್ಷತೆ ಹೆಚ್ಚುತ್ತದೆ ಎಂಬುದು ಅವರ ಲೆಕ್ಕಾಚಾರ. ಸಾರ್ವಜನಿಕ ರಸ್ತೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ.

ರೇಸಿಗೆಂದೇ ತಯಾರಾಗುವ 'ಸ್ಲಿಕ್' ಟೈರಿನ ಮೈ ಸಂಪೂರ್ಣ ನುಣುಪು. ಗೆರೆಗಳಿಲ್ಲದ ಕಾರಣ ಹೆಚ್ಚು ರಬ್ಬರು ನೆಲಕ್ಕೆ ತಾಗುತ್ತದೆ. ಆ ರಬ್ಬರೂ ಬಹಳ ಮೃದು. ಆದರೆ ಅದು ಬಿಸಿಯಾಗದ ಹೊರತು ಕೆಲಸ ಮಾಡದು. ಫಾರ್ಮುಲಾ ಒನ್ ತಂಡಗಳು ಟೈರುಗಳನ್ನು ವಿದ್ಯುತ್ ಕಂಬಳಿಯಲ್ಲಿ ಸುತ್ತಿ ಕಾಯಿಸುವುದು ಇದೇ ಕಾರಣಕ್ಕೆ. 2022ರಲ್ಲಿ ಈ ಕಂಬಳಿಯ ಬಿಸಿಯನ್ನು 70 ಡಿಗ್ರಿ ಸೆಲ್ಸಿಯಸ್‌ಗೆ ಮಿತಿಗೊಳಿಸಲಾಯಿತು. ಬಳಿಕ ಅದನ್ನು ಬಿಸಿಯಾಗಿಯೇ ಉಳಿಸುವುದು ಪಥದ ವೇಗ, ತಿರುವು ಮತ್ತು ಬ್ರೇಕಿನ ಒತ್ತಡ. ಕಚೇರಿಗೆ ಹೋಗುವ ದಾರಿಯಲ್ಲಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಕಾರಿನಲ್ಲಿ ಆ ಶಾಖ ಹುಟ್ಟುವುದೇ ಇಲ್ಲ. ತಣ್ಣಗಿರುವ ಸ್ಲಿಕ್ ಟೈರು ಸಾಧಾರಣ ಟೈರಿಗಿಂತ ಕಡಿಮೆ ಹಿಡಿತ ನೀಡಬಲ್ಲದು. ಹಠಾತ್ತನೆ ಅಡ್ಡ ಬಂದ ಪಾದಚಾರಿಯನ್ನು ಕಂಡು ಬ್ರೇಕ್ ಒತ್ತಿದಾಗಲೇ ಚಾಲಕನಿಗೆ ಇದು ತಿಳಿಯುವುದು.

ಮಳೆ ಬಂದರಂತೂ ಅಪಾಯ ಇಮ್ಮಡಿ. ಪ್ರತಿ ಟೈರು ನೆಲವನ್ನು ಮುಟ್ಟುವುದು ಹೆಚ್ಚೂಕಡಿಮೆ ಅಂಗೈಯಗಲದಷ್ಟು ಜಾಗದಲ್ಲಿ. ಅಲ್ಲಿಂದ ನೀರನ್ನು ಹೊರದೂಡುವುದೇ ಗೆರೆಗಳ ಕೆಲಸ. ಫಾರ್ಮುಲಾ ಒನ್‌ಗಾಗಿ ಪಿರೆಲ್ಲಿ ಸಂಸ್ಥೆ ರೂಪಿಸಿದ ಮಳೆಯ ಟೈರು 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರನ್ನು ಹೊರಚೆಲ್ಲುತ್ತದೆಂದು ಆ ಸಂಸ್ಥೆಯೇ ಹೇಳಿದೆ. ಸ್ಲಿಕ್‌ಗೆ ಆ ಸೌಲಭ್ಯವಿಲ್ಲ. ನೀರಿನ ಪದರದ ಮೇಲೆ ತೇಲುವ ಕಾರಿಗೆ ಸ್ಟೀರಿಂಗ್ ಆಗಲಿ ಬ್ರೇಕ್ ಆಗಲಿ ಲೆಕ್ಕಕ್ಕಿಲ್ಲ.

ಕಾನೂನು ಇದಕ್ಕೆ ಆಸ್ಪದ ನೀಡಿಲ್ಲ. ಭಾರತದ ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರ 94ನೇ ನಿಯಮದ ಪ್ರಕಾರ ಕಾರಿನ ಟೈರಿನ ಗೆರೆಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಜರ್ಮನಿಯ ಮಿತಿಯೂ ಇಷ್ಟೇ. ಅಲ್ಲಿನ ಪ್ರಸಿದ್ಧ ನ್ಯೂರ್‌ಬರ್ಗ್‌ರಿಂಗ್ ಪಥ ಸಾರ್ವಜನಿಕರಿಗೆ ತೆರೆದಿರುವ ಹೊತ್ತಿನಲ್ಲಿ ಸುಂಕದ ರಸ್ತೆಯೆಂದೇ ಪರಿಗಣಿತವಾಗುತ್ತದೆ. ಸಂಚಾರ ನಿಯಮ ಅನ್ವಯಿಸುವುದರಿಂದ ರೇಸಿಗೆಂದೇ ಕಟ್ಟಿದ ಆ ಪಥದಲ್ಲೂ ಆಗ ಸ್ಲಿಕ್ ನಿಷಿದ್ಧ.

ಇವೆರಡರ ನಡುವಿನದು 'ಸೆಮಿ ಸ್ಲಿಕ್'. ಕೆಲವೇ ಗೆರೆಗಳಿರುವ, ಮೃದು ರಬ್ಬರಿನ ಈ ಟೈರುಗಳಲ್ಲಿ ಹಲವಕ್ಕೆ ಯುರೋಪಿನ ರಸ್ತೆಗಳಲ್ಲಿ ಅನುಮತಿಯಿದೆ. 2018ರಲ್ಲಿ ಪೋರ್ಷೆ 911 ಜಿಟಿ3 ಆರ್‌ಎಸ್ ಇದೇ ನ್ಯೂರ್‌ಬರ್ಗ್‌ರಿಂಗ್ ಪಥವನ್ನು 6 ನಿಮಿಷ 56.4 ಸೆಕೆಂಡಿನಲ್ಲಿ ಸುತ್ತಿದ್ದು ಮಿಷೆಲಿನ್ ಕಂಪನಿಯ ಇಂಥ ಟೈರುಗಳ ಮೇಲೆ. ಆದರೆ ಅನುಮತಿಯಿದ್ದ ಮಾತ್ರಕ್ಕೆ ಅವು ಮಳೆಗಾಲಕ್ಕೆ ಒಗ್ಗುತ್ತವೆಂದಲ್ಲ. ಹೆದ್ದಾರಿಯಲ್ಲಿ ನೀರು ನಿಂತಿದ್ದರೆ ವೇಗ ಬಹಳಷ್ಟು ತಗ್ಗಿಸಬೇಕಾಗುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ಅವುಗಳ ರಬ್ಬರು ಬಿರುಕು ಬಿಡುವುದೂ ಉಂಟು.

ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಪಥಕ್ಕೆ ಸುಮಾರು 300 ಕಿ.ಮೀ. ದೂರ. ಅಷ್ಟೂ ದಾರಿಯನ್ನು ಸಾಧಾರಣ ಟೈರಿನಲ್ಲಿ ಕ್ರಮಿಸಿ, ರೇಸ್ ಟೈರುಗಳನ್ನು ಬೇರೆ ವಾಹನದಲ್ಲಿ ಸಾಗಿಸಿ, ಅಲ್ಲಿಯೇ ಚಕ್ರ ಬದಲಿಸಿಕೊಳ್ಳುವುದು ಸರಿಯಾದ ಕ್ರಮ. ಖರ್ಚು ಹೆಚ್ಚು, ನಿಜ. ಆದರೆ ಅಂಥ ಕಾರು ಕೊಂಡವರಿಗೆ ಅದೊಂದು ನೆಪವಾಗಬಾರದು. ಪಥದಲ್ಲಿ ಬಿಸಿಯಾದಾಗ ಗಾಳಿಯ ಒತ್ತಡ ಏರುವುದರಿಂದ ಆರಂಭದಲ್ಲಿ ಕಡಿಮೆ ತುಂಬಿಸುವುದು ವಾಡಿಕೆ. ಮರಳುವ ಮುನ್ನ ರಸ್ತೆಯ ಟೈರು ಹಾಕಿಸಿ, ಅದರ ಒತ್ತಡವನ್ನು ಕಾರು ತಯಾರಕರು ಸೂಚಿಸಿದ ಮಟ್ಟಕ್ಕೆ ಸರಿಪಡಿಸಿಕೊಳ್ಳಬೇಕು. ಹಳೆಯ ರೇಸ್ ಟೈರುಗಳನ್ನು ಅಗ್ಗಕ್ಕೆ ಕೊಳ್ಳುವವರು ಪಕ್ಕದಲ್ಲಿ ಮುದ್ರಿತವಾಗಿರುವ ನಾಲ್ಕಂಕಿಯನ್ನು ಗಮನಿಸುವುದು ಒಳಿತು. 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದುದು. ಪದೇ ಪದೇ ಕಾದು ತಣಿದ ರಬ್ಬರು, ನೋಡಲು ಹೊಸದರಂತಿದ್ದರೂ, ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ.