ಆರಿಸುವ ವಯಸ್ಸು, ಆಯ್ಕೆಯಾಗುವ ವಯಸ್ಸು

ಪ್ರಾತಿನಿಧ್ಯದ ಚರ್ಚೆಯಲ್ಲಿ ಜಾತಿ, ಭಾಷೆ, ಲಿಂಗಗಳು ಮೊದಲು ನೆನಪಾಗುತ್ತವೆ. ವಯಸ್ಸು ಹಿಂದೆ ಉಳಿಯುತ್ತದೆ. ಆದರೆ ನಮ್ಮ ಸಂವಿಧಾನವು ಪ್ರಜೆಯ ವಯಸ್ಸನ್ನು ಎರಡು ಬಗೆಯಾಗಿ ಅಳೆಯುತ್ತದೆ: ಆರಿಸುವುದಕ್ಕೆ ಒಂದು ವಯಸ್ಸು, ಆಯ್ಕೆಯಾಗುವುದಕ್ಕೆ ಇನ್ನೊಂದು. ಇವುಗಳಲ್ಲಿ ಮೊದಲನೆಯದು ಕೆಳಗಿಳಿದು ಎರಡನೆಯದು ನಿಂತಲ್ಲೇ ನಿಂತಿತು. ಇದರ ಚರಿತ್ರೆ ಗಮನಾರ್ಹವಾದುದು.

1935ರ ಕಾಯಿದೆಯಲ್ಲಿ ಮತದಾನಕ್ಕಿದ್ದ ಆಸ್ತಿ, ವಿದ್ಯಾಭ್ಯಾಸಗಳ ನಿಬಂಧನೆಗಳನ್ನು ಕೈಬಿಟ್ಟ ಸಂವಿಧಾನವು 326ನೆಯ ವಿಧಿಯಲ್ಲಿ 21 ವರ್ಷ ತುಂಬಿದವರಿಗೆಲ್ಲ ಮತಾಧಿಕಾರ ನೀಡಿತು. ಆಯ್ಕೆಯಾಗುವವರ ವಯಸ್ಸಿನ ಪ್ರಶ್ನೆ 1949ರ ಮೇ 18ರಂದು ಸಂವಿಧಾನ ಸಭೆಯ ಮುಂದೆ ಬಂದಿತು. ಡಾ. ಅಂಬೇಡ್ಕರ್ ಅವರು ಮಂಡಿಸಿದ ಸೂಚನೆಯಲ್ಲಿ ಕೆಳಮನೆಗೆ 25, ಮೇಲ್ಮನೆಗೆ 35 ವರ್ಷಗಳೆಂದಿತ್ತು. ಮದರಾಸು ಪ್ರಾಂತದ ಸದಸ್ಯೆ ದುರ್ಗಾಬಾಯಿಯವರು 35ರ ಬದಲು 30 ಎಂದು ತಿದ್ದುಪಡಿ ಸೂಚಿಸಿದರು. ವಿವೇಕವು ವಯಸ್ಸನ್ನು ಅವಲಂಬಿಸಿಲ್ಲವೆಂಬುದು ಅವರ ವಾದ. ಆಗ ಅವರಿಗೇ ಇನ್ನೂ 40 ತುಂಬಿರಲಿಲ್ಲ. ಸಭೆ ತಿದ್ದುಪಡಿಯನ್ನು ಒಪ್ಪಿತು.

ಮತದಾನದ ವಯಸ್ಸು ಇಳಿಯಲು ನಾಲ್ಕು ದಶಕಗಳು ಬೇಕಾದವು. 1988ರ ಡಿಸೆಂಬರಿನಲ್ಲಿ, ಚಿಕ್ಕೋಡಿ ಕ್ಷೇತ್ರದಿಂದ ಆರಿಸಿ ಬಂದಿದ್ದ ಕೇಂದ್ರ ಸಚಿವ ಬಿ. ಶಂಕರಾನಂದರು ಈ ಕುರಿತ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದರು. ಪ್ರಾತಿನಿಧ್ಯವಿಲ್ಲದ ಯುವಜನರನ್ನು ರಾಜಕೀಯ ಪ್ರಕ್ರಿಯೆಯ ಭಾಗವಾಗಿಸುವುದು ಅದರ ಉದ್ದೇಶವೆಂದು ಮಸೂದೆಯ ಹೇಳಿಕೆ ಸಾರಿತು. 61ನೆಯ ತಿದ್ದುಪಡಿಯಾಗಿ ಅದು 1989ರ ಮಾರ್ಚ್ 28ರಂದು ಜಾರಿಗೆ ಬಂದಿತು. ಅದೇ ವರ್ಷದ ಲೋಕಸಭಾ ಚುನಾವಣೆಯ ಮತದಾರರ ಸಂಖ್ಯೆ ಹತ್ತಿರ ಹತ್ತಿರ 50 ಕೋಟಿ.

ಹೇಳಿಕೆಯಲ್ಲಿದ್ದುದು ಪ್ರಾತಿನಿಧ್ಯದ ಮಾತು. ದೊರೆತುದು ಮತ ಮಾತ್ರ. ಲೋಕಸಭೆಗೆ 25, ರಾಜ್ಯಸಭೆಗೆ 30 ಎಂಬ ಗೆರೆಗಳು ಕದಲಲಿಲ್ಲ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿ ಪಂಚಾಯತಿಗಳಲ್ಲಿ 21 ವರ್ಷದವರಿಗೆ ಸ್ಪರ್ಧಿಸುವ ಅವಕಾಶ ಕೊಟ್ಟಿತು. ಹಳ್ಳಿಯ ಆಡಳಿತ ನಡೆಸಬಲ್ಲವನು ಶಾಸನಸಭೆಗೆ ಇನ್ನೂ ನಾಲ್ಕು ವರ್ಷ ಕಾಯಬೇಕು. 2023ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯೊಂದು ಲೋಕಸಭೆ, ವಿಧಾನಸಭೆಗಳ ಸ್ಪರ್ಧೆಗೂ 18 ವರ್ಷ ಸಾಕೆಂದು ಸಲಹೆ ನೀಡಿತು. ಚುನಾವಣಾ ಆಯೋಗ ಅದಕ್ಕೆ ಸಮ್ಮತಿಸಿರಲಿಲ್ಲ.

ಆದರೆ ದೋಷವೆಲ್ಲ ಕಾನೂನಿನದೆನ್ನಲಾಗದು. 1952ರ ಮೊದಲ ಲೋಕಸಭೆಯಲ್ಲಿ ಸುಮಾರು ಕಾಲುಭಾಗ ಸದಸ್ಯರು 40ರೊಳಗಿನವರು. 2024ರ ಲೋಕಸಭೆಯಲ್ಲಿ ಅವರ ಪ್ರಮಾಣ ನೂರಕ್ಕೆ ಸುಮಾರು 11. ಸದಸ್ಯರ ಸರಾಸರಿ ವಯಸ್ಸು 46ರ ಆಸುಪಾಸಿನಿಂದ 56ಕ್ಕೆ ಏರಿದೆ. ಮತದಾರರ ಪಟ್ಟಿಗೆ ಎಳೆಯರು ಸೇರಿದರೂ ಸದನಕ್ಕೆ ವಯಸ್ಸಾಯಿತು. ಇಪ್ಪತ್ತೈದು ದಾಟಿದವರಿಗೆ ಕಾನೂನಿನ ಬಾಗಿಲು ತೆರೆದೇ ಇದೆ. ಪಕ್ಷಗಳು ಟಿಕೆಟು ಹಂಚುವ ಕೋಣೆಯ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ.

ಜಾತಿ, ಲಿಂಗಗಳಂತೆ ವಯಸ್ಸು ಶಾಶ್ವತವಲ್ಲ, ಇಂದಿನ ಕಿರಿಯರೇ ನಾಳಿನ ಹಿರಿಯರು, ಆದ್ದರಿಂದ ಇದು ಅನ್ಯಾಯವಲ್ಲ ಎಂಬ ವಾದವುಂಟು. ವ್ಯಕ್ತಿಯ ಮಟ್ಟಿಗೆ ಅದು ನಿಜ. ಆದರೆ ಶಿಕ್ಷಣದ ಶುಲ್ಕ, ಉದ್ಯೋಗದ ನಿಯಮ, ಸರ್ಕಾರದ ಸಾಲ ಇವುಗಳ ಕುರಿತ ಇಂದಿನ ತೀರ್ಮಾನಗಳು ಇಂದಿನ ಕಿರಿಯರ ಮೇಲೆಯೇ ಬೀಳುತ್ತವೆ. ಅವರು ಹಿರಿಯರಾಗುವವರೆಗೆ ಕಾಯುವುದಿಲ್ಲ. 1949ರಲ್ಲಿ ದುರ್ಗಾಬಾಯಿಯವರು ಎತ್ತಿದ ಪ್ರಶ್ನೆಗೆ ಸಭೆ ಐದು ವರ್ಷಗಳನ್ನು ಬಿಟ್ಟುಕೊಟ್ಟಿತು; ಪೂರ್ಣ ಉತ್ತರವನ್ನು ಮುಂದಿನ ತಲೆಮಾರುಗಳಿಗೆ ಉಳಿಸಿತು.