ಕೊಕ್ಕೊ ಬೆಳೆದವರು, ಚಾಕಲೇಟು ಮಾಡಿದವರು

ಇಪ್ಪತ್ತೆಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಪಾಠ ಹೇಳಿದವಳು ನಾನು. ರಾಜರ ಇಸವಿಗಳನ್ನು ಕೇಳಿದರೆ ನಿದ್ದೆಯಲ್ಲೂ ಹೇಳಬಲ್ಲೆ. ಆದರೆ ಪ್ರತಿ ವರ್ಷ ಯಾವುದಾದರೂ ಒಂದು ಮಗು ಎದ್ದು ನಿಂತು ಕೇಳುವ ಪ್ರಶ್ನೆಯೊಂದಿದೆ: “ಟೀಚರ್, ಕೆಲವು ದೇಶಗಳು ಯಾಕೆ ಶ್ರೀಮಂತ, ಕೆಲವು ಯಾಕೆ ಬಡವು?” ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. “ಅವರು ಕಷ್ಟಪಟ್ಟು ದುಡಿಯುತ್ತಾರೆ, ಇವರು ಸೋಮಾರಿಗಳು” ಎನ್ನುವ ಉತ್ತರವೇನೋ ಅನೇಕರ ನಾಲಗೆಯ ತುದಿಯಲ್ಲೇ ಇರುತ್ತದೆ. “ಅಲ್ಲಿ ಚಳಿ, ಇಲ್ಲಿ ಸೆಕೆ” ಎನ್ನುವವರೂ ಇದ್ದಾರೆ. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಇಂಥ ಪ್ರಶ್ನೆಗೆ ಎರಡು ದೇಶಗಳನ್ನು ಎದುರುಬದುರು ಕೂರಿಸಿ, ಅವುಗಳ ಹಿಂದಿನ ಕಥೆಯನ್ನು ಕೇಳುವುದೇ ಸರಿಯಾದ ದಾರಿ ಎಂದು ನನ್ನ ಎಣಿಕೆ.

ನಾನು ಆರಿಸಿಕೊಂಡದ್ದು ಆಫ್ರಿಕದ ಘಾನಾ ಮತ್ತು ಯುರೋಪಿನ ಸ್ವಿಟ್ಜರ್ಲೆಂಡ್. ಘಾನಾ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. 2021ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 3 ಕೋಟಿ 8 ಲಕ್ಷ. ಸ್ವಿಟ್ಜರ್ಲೆಂಡ್ ನಮ್ಮ ರಾಜ್ಯದ ಕಾಲುಭಾಗಕ್ಕಿಂತಲೂ ಚಿಕ್ಕದು; ಜನ ಸುಮಾರು 90 ಲಕ್ಷ. 2023ರ ಲೆಕ್ಕದಲ್ಲಿ ಸ್ವಿಸ್ ಪ್ರಜೆಯ ತಲಾ ವರಮಾನ ವರ್ಷಕ್ಕೆ ಸುಮಾರು 1 ಲಕ್ಷ ಡಾಲರ್. ಘಾನಾದವರದು 2 ಸಾವಿರ ಚಿಲ್ಲರೆ. ಅಕ್ರಾದ ಸಂತೆಯಲ್ಲಿ ಒಂದು ಡಾಲರಿಗೆ ಸಿಗುವಷ್ಟು ಮರಗೆಣಸು ಜೂರಿಕ್ ಪೇಟೆಯಲ್ಲಿ ಸಿಗುವುದಿಲ್ಲ, ನಿಜ. ಆದ್ದರಿಂದ ಅಂತರ ಡಾಲರಿನಲ್ಲಿ ಕಾಣುವಷ್ಟಿಲ್ಲ ಎನ್ನೋಣ. ಆದರೆ ಆಯುಷ್ಯದ ಲೆಕ್ಕಕ್ಕೆ ಆ ರಿಯಾಯಿತಿ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಮಗು ಸರಾಸರಿ 84 ವರ್ಷ ಬಾಳುವ ನಿರೀಕ್ಷೆಯಿದ್ದರೆ, ಘಾನಾದ ಮಗುವಿಗೆ ಸುಮಾರು 65. ಹತ್ತೊಂಬತ್ತು ವರ್ಷ! ಒಂದು ಮಗು ಹುಟ್ಟಿ, ಬೆಳೆದು, ಕಾಲೇಜಿಗೆ ಹೋಗುವಷ್ಟು ಕಾಲ.

ಇವೆರಡನ್ನೇ ಆರಿಸಿದ್ದಕ್ಕೆ ಕಾರಣವಿದೆ. ಇವುಗಳ ನಡುವೆ ಒಂದು ಬೀಜದ ನಂಟಿದೆ. ಅದೇ ಕೊಕ್ಕೊ. ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿಯೂ ಇದು ಬೆಳೆಯುತ್ತದೆ. ಅಳಿಲು, ಇಲಿ ತಿಂದು ಬಿಟ್ಟ ಕಾಯಿಗಳನ್ನು ಕಂಡು ಬಯ್ದುಕೊಳ್ಳದ ಗೃಹಿಣಿ ನಮ್ಮ ಕಡೆ ಇರಲಾರಳು. ಘಾನಾ ಹಲವು ದಶಕ ಕೊಕ್ಕೊದಲ್ಲಿ ಜಗತ್ತಿಗೇ ಮೊದಲನೆಯದಾಗಿತ್ತು, ಆಮೇಲೆ ಬಹುಕಾಲ ಎರಡನೆಯದು. ಸ್ವಿಟ್ಜರ್ಲೆಂಡಿನ ತೋಟಗಳಲ್ಲಿ ಈ ಮರ ಬೆಳೆಯುವುದೇ ಇಲ್ಲ. ಆದರೂ ಚಾಕಲೇಟು ಎಂದೊಡನೆ ನಮಗೆ ನೆನಪಾಗುವುದು ಸ್ವಿಟ್ಜರ್ಲೆಂಡ್. ಅಲ್ಲಿನವರು ತಲೆಗೆ ವರ್ಷಕ್ಕೆ ಹತ್ತು ಕಿಲೋದಷ್ಟು ಚಾಕಲೇಟು ತಿನ್ನುತ್ತಾರೆ.

ಸ್ವಿಟ್ಜರ್ಲೆಂಡ್ ಹುಟ್ಟಾ ಶ್ರೀಮಂತವಾಗಿರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಕಲ್ಲುಗುಡ್ಡ, ಹಿಮ, ಉಳುವುದಕ್ಕೆ ಅಂಗೈಯಗಲ ನೆಲ, ಸಮುದ್ರವಿಲ್ಲ. ಶತಮಾನಗಳ ಕಾಲ ಆ ದೇಶ ಹೊರಗೆ ಕಳುಹಿಸಿದ ಮುಖ್ಯ ಸರಕು ಎಂದರೆ ಅದರ ಗಂಡುಮಕ್ಕಳು. ಅವರು ಕಂಡವರ ಸೈನ್ಯಗಳಲ್ಲಿ ಕೂಲಿಗೆ ಕಾದಾಡಿ ಸತ್ತರು. 1816ರಲ್ಲಿ ಬೇಸಗೆಯೇ ಬಾರದೆ ಬೆಳೆ ನಾಶವಾದಾಗ ಪೂರ್ವದ ಜಿಲ್ಲೆಗಳಲ್ಲಿ ಜನ ಹಸಿವಿನಿಂದ ಸತ್ತರು. 1819ರಲ್ಲಿ ಹಡಗು ಹತ್ತಿದ ಕುಟುಂಬಗಳು ಬ್ರೆಜಿಲಿನಲ್ಲಿ ಹೊಸ ಊರು ಕಟ್ಟಿದವು. ಬಡವರ ಮಕ್ಕಳನ್ನು, ಅನಾಥರನ್ನು, ಮದುವೆಯಾಗದ ತಾಯಂದಿರ ಕೂಸುಗಳನ್ನು ಊರಿನವರೇ ಕಿತ್ತುಕೊಂಡು ರೈತರ ಮನೆಗೆ ದುಡಿಯಲು ಬಿಡುವ ಪದ್ಧತಿ ಇಪ್ಪತ್ತನೆಯ ಶತಮಾನದ ಅರ್ಧ ಕಳೆದ ಮೇಲೂ ಇತ್ತು. ಅದಕ್ಕೆ ಅಲ್ಲಿನ ಸರಕಾರ ಬಹಿರಂಗವಾಗಿ ಕ್ಷಮೆ ಕೇಳಿದ್ದು 2013ರಲ್ಲಿ. ಬದುಕುಳಿದವರಿಗೆ ತಲಾ 25 ಸಾವಿರ ಫ್ರಾಂಕ್ ಕೊಡುವ ಕಾನೂನು ಜಾರಿಯಾದದ್ದು 2017ರಲ್ಲಿ. ಐಶ್ವರ್ಯದ ಮನೆಗೂ ಕತ್ತಲೆಯ ಕೋಣೆಗಳಿರುತ್ತವೆ.

ಹಾಗಾದರೆ ಅದೃಷ್ಟ ತಿರುಗಿದ್ದು ಹೇಗೆ? ನೆಲ ಕೊಡದ್ದನ್ನು ಕೈಕಸುಬು ಕೊಟ್ಟಿತು. ಹಸು ಇದ್ದವು, ಹಾಲು ಇತ್ತು. 1875ರಲ್ಲಿ ವೆವೆ ಎಂಬ ಊರಿನ ಡೇನಿಯಲ್ ಪೀಟರ್ ಹಾಲನ್ನು ಚಾಕಲೇಟಿಗೆ ಬೆರೆಸುವ ವಿದ್ಯೆ ಸಾಧಿಸಿದ. 1879ರಲ್ಲಿ ಬರ್ನ್ ಪಟ್ಟಣದ ರೊಡೋಲ್ಫ್ ಲಿಂಟ್ ಚಾಕಲೇಟನ್ನು ಗಂಟೆಗಟ್ಟಲೆ ಅರೆದು ನಾಲಗೆಯ ಮೇಲೆ ಕರಗುವಷ್ಟು ನಯ ಮಾಡುವ ಯಂತ್ರ ಕಂಡುಹಿಡಿದ. ದೋಸೆ ಹಿಟ್ಟು ಅರೆಯುವ ನಮಗೆ ಈ ಗುಟ್ಟನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1874ರ ಸಂವಿಧಾನ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗಿಸಿತು. 1877ರ ಕಾರ್ಖಾನೆ ಕಾನೂನು 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಗಳಿಂದ ಹೊರತಂದಿತು. ಎರಡು ಮಹಾಯುದ್ಧಗಳಲ್ಲಿ ನೆರೆಹೊರೆಯೆಲ್ಲ ಸುಟ್ಟುಹೋದಾಗ ಈ ದೇಶ ತಟಸ್ಥವಾಗಿ ಉಳಿಯಿತು. ಅದರ ಬ್ಯಾಂಕುಗಳಿಗೆ ಲೋಕದ ಹಣವೆಲ್ಲ ಹರಿದುಬಂತು. ವಸಾಹತು ಇಲ್ಲದಿದ್ದರೂ ಅದರ ವ್ಯಾಪಾರಿಗಳು ಇತರರ ವಸಾಹತುಗಳಲ್ಲಿ ಸಂಪಾದಿಸಿದರು.

ಇತ್ತ ಘಾನಾದ ಕಥೆ. ಬ್ರಿಟಿಷರ ಕಾಲದಲ್ಲಿ ಅದರ ಹೆಸರು ಗೋಲ್ಡ್ ಕೋಸ್ಟ್, ಚಿನ್ನದ ಕರಾವಳಿ. ಇಲ್ಲಿ ನಮ್ಮೂರಿನ ಒಂದು ಎಳೆಯೂ ಸೇರಿಕೊಳ್ಳುತ್ತದೆ. 1834ರಲ್ಲಿ ಮಂಗಳೂರಿಗೆ ಬಂದು ‘ಮಂಗಳೂರ ಸಮಾಚಾರ’, ಹೆಂಚಿನ ಕಾರ್ಖಾನೆ, ಕಿಟ್ಟೆಲರ ನಿಘಂಟುಗಳಿಗೆ ಕಾರಣವಾದ ಬಾಸೆಲ್ ಮಿಶನ್, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ್ದು. ಅದೇ ಮಿಶನ್ನಿನವರು 1828ರಲ್ಲೇ ಗೋಲ್ಡ್ ಕೋಸ್ಟಿಗೆ ಹೋಗಿದ್ದರು. ನಮ್ಮಲ್ಲಿ ನೇಯ್ಗೆ, ಹೆಂಚು ಕಲಿಸಿದಂತೆ ಅಲ್ಲಿ ಬಡಗಿ, ಕಮ್ಮಾರ ಕೆಲಸ ಕಲಿಸಿದರು. ಹಾಗೆ ಅವರ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತ ಟೆಟೆ ಕ್ವಾರ್ಶಿ ಎಂಬಾತ ಸ್ಪೇನಿನ ವಶದಲ್ಲಿದ್ದ ಫರ್ನಾಂಡೊ ಪೋ ದ್ವೀಪಕ್ಕೆ ದುಡಿಯಲು ಹೋಗಿ, 1870ರ ದಶಕದಲ್ಲಿ ಕೊಕ್ಕೊ ಬೀಜದೊಡನೆ ಮರಳಿ, ಮಂಪಾಂಗ್ ಎಂಬಲ್ಲಿ ನೆಟ್ಟ. ಸ್ವಿಟ್ಜರ್ಲೆಂಡಿನಲ್ಲಿ ಪೀಟರ್, ಲಿಂಟರು ಪಾತ್ರೆಯ ಮುಂದೆ ನಿಂತಿದ್ದ ದಶಕವೇ ಅದು. 1891ರಲ್ಲಿ ಮೊದಲ ರಫ್ತು ಹೊರಟಿತು. 1911ಕ್ಕೆ ಗೋಲ್ಡ್ ಕೋಸ್ಟ್ ಜಗತ್ತಿನ ಅತಿ ದೊಡ್ಡ ಕೊಕ್ಕೊ ನಾಡು. ಇದನ್ನು ಮಾಡಿದವರು ಬಿಳಿಯ ತೋಟದೊರೆಗಳಲ್ಲ. ಸಾವಿರಾರು ಸಣ್ಣ ರೈತರು ಮತ್ತು ಅವರ ಮನೆಯ ಹೆಂಗಸರು. ಇವರನ್ನು ಸೋಮಾರಿಗಳೆಂದು ಯಾವ ಬಾಯಿಂದ ಹೇಳುವುದು?

ಅಡಚಣೆ ಇದ್ದದ್ದು ದುಡಿಮೆಯಲ್ಲಲ್ಲ, ಬೆಲೆಯಲ್ಲಿ. 1937ರಲ್ಲಿ ಯುರೋಪಿನ ಕಂಪನಿಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡು ಬೆಲೆ ಇಳಿಸಿದಾಗ ರೈತರು ಒಗ್ಗಟ್ಟಾಗಿ, 1938ರವರೆಗೆ ತಿಂಗಳುಗಟ್ಟಲೆ ಕೊಕ್ಕೊ ಮಾರಲೇ ಇಲ್ಲ. 1947ರಲ್ಲಿ ಸರಕಾರದ ಮಾರಾಟ ಮಂಡಳಿ ಬಂತು. ರೈತನಿಗೆ ಒಂದು ನಿಗದಿ ಬೆಲೆ; ಹೊರದೇಶದಲ್ಲಿ ಸಿಕ್ಕ ಹೆಚ್ಚಿನ ಹಣ ಕಷ್ಟಕಾಲಕ್ಕೆ ಆಪದ್ಧನ. ಮಾತು ಚೆನ್ನಾಗಿತ್ತು. ಆದರೆ ಆ ಗಂಟು ಕ್ರಮೇಣ ಸರಕಾರದ ಖರ್ಚಿನ ಬೊಕ್ಕಸವಾಯಿತು. 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾಯಿತು. ಎನ್‌ಕ್ರುಮಾ ಅವರು ಶಾಲೆ, ರಸ್ತೆ, ವೋಲ್ಟಾ ನದಿಗೆ ಅಣೆಕಟ್ಟು ಎಲ್ಲವನ್ನೂ ಕೊಕ್ಕೊದ ಬಲದಲ್ಲಿ ಕಟ್ಟಹೊರಟರು. 1964-65ರಲ್ಲಿ ಬೆಳೆ ಐದು ಲಕ್ಷ ಟನ್ ದಾಟಿತು. ಬೆಳೆ ಹೆಚ್ಚಿದ್ದೇ ತಡ, ಲೋಕದ ಪೇಟೆಯಲ್ಲಿ ಬೆಲೆ ಕುಸಿಯಿತು. 1966ರ ಫೆಬ್ರವರಿಯಲ್ಲಿ ಸೈನ್ಯ ಅವರನ್ನು ಇಳಿಸಿತು. ಮುಂದಿನ ಸರಕಾರಗಳು ರೈತನಿಗೆ ಕೊಟ್ಟದ್ದು ಇನ್ನೂ ಕಡಿಮೆ. ರೈತರು ಮರಗಳನ್ನು ಕೈಬಿಟ್ಟರು, ಇಲ್ಲವೇ ಗಡಿ ದಾಟಿಸಿ ಮಾರಿದರು. 1983ರ ಬರ, ಕಾಡ್ಗಿಚ್ಚು, ನೈಜೀರಿಯ ಹೊರಹಾಕಿದ ಹತ್ತು ಲಕ್ಷದಷ್ಟು ಮಂದಿ, ಎಲ್ಲ ಒಟ್ಟಿಗೇ ಬಂದೆರಗಿದಾಗ ಬೆಳೆ ಒಂದೂವರೆ ಲಕ್ಷ ಟನ್ನಿನ ಆಸುಪಾಸಿಗೆ ಇಳಿದಿತ್ತು. ತಪ್ಪೆಲ್ಲ ಪರಕೀಯರದೆಂದು ಹೇಳುವಂತಿಲ್ಲ; ಮನೆಯವರೂ ಕಣಜಕ್ಕೆ ಕೈ ಹಾಕಿದ್ದರು.

ಬೆಲೆಯ ಈ ಗಂಟು ಈಗಲೂ ಬಿಚ್ಚಿಲ್ಲ. ಘಾನಾದ ಮಂಡಳಿ ಮುಂಬರುವ ಬೆಳೆಯ ಬಹುಪಾಲನ್ನು ಮುಂಗಡವಾಗಿಯೇ ಮಾರಿ, ಆ ಆಧಾರದ ಮೇಲೆ ಸಾಲ ತಂದು ರೈತರಿಂದ ಕೊಳ್ಳುವ ಪದ್ಧತಿ ನಡೆಸಿಕೊಂಡು ಬಂದಿತ್ತು. 2024ರಲ್ಲಿ ಲೋಕದ ಪೇಟೆಯಲ್ಲಿ ಟನ್ನಿಗೆ 10 ಸಾವಿರ ಡಾಲರ್ ದಾಟಿದಾಗ, ಘಾನಾ ಹಳೆಯ ಕಡಿಮೆ ಬೆಲೆಗೆ ಮಾತು ಕೊಟ್ಟಾಗಿತ್ತು. ಮರಗಳಿಗೆ ರೋಗ, ಹವೆಯ ಏರುಪೇರು, ತೋಟಗಳನ್ನೇ ಅಗೆಯುವ ಅಕ್ರಮ ಚಿನ್ನದ ಗಣಿಗಳು ಸೇರಿ ಬೆಳೆಯೂ ಬಿದ್ದುಹೋಗಿತ್ತು. ಅದಕ್ಕೂ ಮುನ್ನ, 2022ರ ಡಿಸೆಂಬರಿನಲ್ಲಿ, ದೇಶ ವಿದೇಶೀ ಸಾಲದ ಕಂತು ಕಟ್ಟುವುದನ್ನೇ ನಿಲ್ಲಿಸಿತ್ತು. ಆ ತಿಂಗಳ ಬೆಲೆಯೇರಿಕೆ ವರ್ಷದ ಹಿಂದಿನದಕ್ಕಿಂತ ಶೇಕಡಾ 54. ಸಂತೆಗೆ ಹೋಗುವ ಹೆಂಗಸಿಗೆ ಇದರ ಅರ್ಥವೇನೆಂದು ನಮಗೆ ಹೇಳಬೇಕೇ? ನೂರಕ್ಕೆ ಬರುತ್ತಿದ್ದ ಸಾಮಾನು ನೂರೈವತ್ತನಾಲ್ಕಕ್ಕೆ. 2020ರಲ್ಲಿ ಘಾನಾದ ಅಧ್ಯಕ್ಷರು ಸ್ವಿಟ್ಜರ್ಲೆಂಡಿಗೇ ಹೋಗಿ, ಇನ್ನು ಬರಿಯ ಬೀಜ ಮಾರಿ ಬದುಕಲು ನಮಗೆ ಇಷ್ಟವಿಲ್ಲ, ನಮ್ಮ ಕೊಕ್ಕೊವನ್ನು ನಾವೇ ಸಂಸ್ಕರಿಸುತ್ತೇವೆ ಎಂಬರ್ಥದ ಮಾತು ಹೇಳಿದ್ದರು. ಆ ಮಾತಿನ ಹಿಂದೆ ನೂರು ವರ್ಷಗಳ ಅನುಭವವಿತ್ತು.

ಇಷ್ಟು ಓದಿದವರು ಸ್ವಿಸ್ ಹೆಂಗಸು ಭಾಗ್ಯವಂತೆ ಎಂದುಕೊಳ್ಳಬಹುದು. ಸ್ವಲ್ಪ ತಡೆಯಿರಿ. ಘಾನಾದ ಹೆಂಗಸರು ಸ್ವಾತಂತ್ರ್ಯಕ್ಕೂ ಮೊದಲೇ, 1954ರ ಚುನಾವಣೆಯಲ್ಲಿ, ಗಂಡಸರ ಸಮಾನವಾಗಿ ಮತ ಹಾಕಿದ್ದರು. ಸ್ವಿಟ್ಜರ್ಲೆಂಡಿನ ಗಂಡಸರು 1959ರಲ್ಲಿ ತಮ್ಮ ಹೆಂಗಸರಿಗೆ ಮತದ ಹಕ್ಕು ಬೇಡವೆಂದು ಮೂರನೆ ಎರಡರಷ್ಟು ಬಹುಮತದಿಂದ ತೀರ್ಮಾನಿಸಿದರು, ಕೊಟ್ಟದ್ದು 1971ರಲ್ಲಿ. ಕಾನೂನಿನಂತೆ ಗಂಡನೇ ಮನೆಯ ಯಜಮಾನ. ಹೆಂಡತಿ ಹೊರಗೆ ದುಡಿಯಬೇಕಿದ್ದರೆ, ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಿದ್ದರೆ ಅವನ ಒಪ್ಪಿಗೆ ಬೇಕು. ಲೋಕದ ಹಣವನ್ನೆಲ್ಲ ಕಾಯುವ ದೇಶದಲ್ಲಿ ಮನೆಯ ಗೃಹಿಣಿಗೆ ಸ್ವಂತದ ಪಾಸ್‌ಬುಕ್ಕಿಗೆ ಗಂಡನ ಅಪ್ಪಣೆ! ಇದನ್ನು ಬದಲಿಸುವ ಕಾನೂನಿಗೆ 1985ರಲ್ಲಿ ಜನಮತ ದೊರೆತು, 1988ರ ಜನವರಿಯಿಂದ ಜಾರಿಗೆ ಬಂತು.

ಅದೇ 1985ರಲ್ಲಿ ಘಾನಾದಲ್ಲೂ ಒಂದು ಕಾನೂನು ಬಂತು. ಕೊಕ್ಕೊ ಬೆಳೆಯುವ ಅಕಾನ್ ಜನರದು ತಾಯಿಯ ಕಡೆಯಿಂದ ಸಾಗುವ ಕುಟುಂಬ. ನಮ್ಮ ತುಳುನಾಡಿನ ಅಳಿಯಕಟ್ಟನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಗಂಡ ಸತ್ತರೆ ತೋಟ ಅವನ ಸೋದರಳಿಯನಿಗೆ. ಇಪ್ಪತ್ತು ವರ್ಷ ಗಿಡಕ್ಕೆ ನೀರು ಹೊತ್ತು, ಕಾಯಿ ಒಡೆದು, ಬೀಜವನ್ನು ಬಾಳೆ ಎಲೆಯಡಿ ಹುಳಿಬರಿಸಿ, ತಟ್ಟಿಯ ಮೇಲೆ ಒಣಗಿಸಿದ ಹೆಂಡತಿ ಬರಿಗೈಯಲ್ಲಿ ತವರಿಗೆ. ಹೊಸ ಕಾನೂನು ಗಂಡನ ಸ್ವಯಾರ್ಜಿತದಲ್ಲಿ ಹೆಂಡತಿಗೂ ಮಕ್ಕಳಿಗೂ ಪಾಲು ಕೊಟ್ಟಿತು. ಕುಟುಂಬದ ಭೂಮಿ ಅದಕ್ಕೆ ಹೊರತಾದ್ದರಿಂದ ವ್ಯಾಜ್ಯ ನಿಲ್ಲಲಿಲ್ಲ. ಆದರೂ ಒಂದು ಬಾಗಿಲು ತೆರೆಯಿತು. ಅಲ್ಲಿನ ಪೇಟೆ ನಡೆಸುವವರೂ ಹೆಂಗಸರೇ. ಸಾಮಾನಿನ ಅಭಾವಕ್ಕೆ ಅವರೇ ಕಾರಣವೆಂದು 1979ರಲ್ಲಿ ಸೈನಿಕರು ಅಕ್ರಾದ ಮಕೋಲಾ ಮಾರುಕಟ್ಟೆಯನ್ನು ನೆಲಸಮ ಮಾಡಿದರು. ಸರಕಾರದ ಲೆಕ್ಕ ತಪ್ಪಿದಾಗ ಏಟು ಬಿದ್ದದ್ದು ಬುಟ್ಟಿ ಇಟ್ಟುಕೊಂಡು ಕೂತವಳ ಬೆನ್ನಿಗೆ. ಹೆಂಗಸರು ಮತ್ತೆ ಕೂತರು, ಮತ್ತೆ ವ್ಯಾಪಾರ ಕಟ್ಟಿದರು.

ಎರಡೂ ದೇಶಗಳನ್ನು ಹೀಗೆ ನೋಡಿದ ಮೇಲೆ ನನಗೆ ಕಾಣುವುದಿಷ್ಟು. ದೇಶದ ಬಾಳ್ವೆ ಮೇಲೇಳುವುದು ಮರ ಎಲ್ಲಿದೆ ಎಂಬುದರಿಂದಲ್ಲ, ಬೆಲೆ ಕಟ್ಟುವ ಅಧಿಕಾರ ಎಲ್ಲಿದೆ ಎಂಬುದರಿಂದ. ಮನೆಯೊಳಗಿನ ನ್ಯಾಯವೂ ಅದೇ. ಗಳಿಕೆ ಎಷ್ಟು ಎಂಬುದರ ಜೊತೆಗೆ ಅದು ಯಾರ ಹೆಸರಿನಲ್ಲಿದೆ ಎಂದೂ ಕೇಳಬೇಕು. ತಲಾ ವರಮಾನದ ಪಟ್ಟಿ ಈ ಎರಡನ್ನೂ ಹೇಳುವುದಿಲ್ಲ.

ನಮ್ಮ ಜಿಲ್ಲೆಗೂ ಇದರ ರುಚಿ ಗೊತ್ತು. 1979-80ರ ಹೊತ್ತಿಗೆ ಕೊಳ್ಳುವವರಿಲ್ಲದೆ ಹಸಿ ಕೊಕ್ಕೊ ಕೊಳೆಯುವ ಸ್ಥಿತಿ ಬಂದಾಗ, 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಖರೀದಿಗಿಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರು ಮಾಡಿದವರೂ ಆದರು. ಆ ಪ್ರಶ್ನೆ ಕೇಳುವ ಮಕ್ಕಳಿಗೆ ನಾನು ಹೇಳುತ್ತಿದ್ದ ಉತ್ತರ ಇದೇ ಕಥೆ. ಅದರ ಕೊನೆಗೆ, ಹುಡುಗಿಯರ ಬೆಂಚಿನ ಕಡೆ ತಿರುಗಿ, ನಾನೂ ಒಂದು ಪ್ರಶ್ನೆ ಸೇರಿಸುತ್ತಿದ್ದೆ: “ನಿಮ್ಮ ಮನೆಯ ತೋಟದ ಆ ಹಣ ಜಮೆಯಾಗುವ ಪಾಸ್‌ಬುಕ್ಕಿನ ಮೇಲೆ ಅಮ್ಮನ ಹೆಸರೂ ಇದೆಯೇ? ನಾಳೆ ನೋಡಿಕೊಂಡು ಬನ್ನಿ.”