ದೊಡ್ಡಕರುಳಿನ ಕ್ಯಾನ್ಸರ್: ಹರಡುವಿಕೆ ತಿಳಿಯಲು ಸಿಟಿ ಸ್ಕ್ಯಾನ್

ದೊಡ್ಡಕರುಳಿನ ಕ್ಯಾನ್ಸರ್ ಕೊಲೊನೊಸ್ಕೋಪಿ ಮತ್ತು ಬಯಾಪ್ಸಿಯಿಂದ ಖಚಿತವಾದ ಮೇಲೆ, ಅದು ಎಲ್ಲೆಲ್ಲಿ ಹರಡಿದೆ ಎಂದು ನೋಡಲು ಎದೆ, ಹೊಟ್ಟೆ, ಕಿಬ್ಬೊಟ್ಟೆಗಳ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಮೊದಲು ಆಪರೇಷನ್ನೋ ಕಿಮೋಥೆರಪಿಯೋ ಎಂಬ ತೀರ್ಮಾನ ಬಹುಮಟ್ಟಿಗೆ ಇದನ್ನೇ ಅವಲಂಬಿಸಿರುತ್ತದೆ.

ಸ್ಕ್ಯಾನ್‌ಗೆ ಮುಂಚೆ ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ, ಏಕೆಂದರೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧಿಯನ್ನು ಮೂತ್ರಪಿಂಡಗಳೇ ಹೊರಹಾಕಬೇಕು. ಔಷಧಿ ಕೈಯ ರಕ್ತನಾಳಕ್ಕೆ ಹೋಗುತ್ತಲೇ ಮೈಯೆಲ್ಲ ಬಿಸಿಯೇರುತ್ತದೆ, ಮೂತ್ರ ಹೋಯಿತೇನೋ ಎನಿಸುತ್ತದೆ, ಗಾಬರಿಪಡಬೇಕಿಲ್ಲ. ಸುಮಾರು 70 ಸೆಕೆಂಡಿಗೆ, ಉಸಿರು ಹಿಡಿಸಿ ಹೊಟ್ಟೆಯ ಚಿತ್ರ ತೆಗೆಯುತ್ತಾರೆ. ಆ ಹೊತ್ತಿಗೆ ಲಿವರ್ ಔಷಧಿ ಹೀರಿ ಬೆಳ್ಳಗಾಗಿರುತ್ತದೆ, ಕ್ಯಾನ್ಸರ್ ಗಂಟುಗಳು ಅದರಲ್ಲಿ ಕಪ್ಪಾಗಿ ಎದ್ದು ಕಾಣುತ್ತವೆ. ಕರುಳಿನ ರಕ್ತವೆಲ್ಲ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರಿಗೇ ಹೋಗುವುದರಿಂದ, ಈ ರೋಗ ದೂರಕ್ಕೆ ಹರಡುವಾಗ ಹೆಚ್ಚಾಗಿ ಸಿಗುವುದು ಅಲ್ಲೇ. ಆಮೇಲಿನದು ಶ್ವಾಸಕೋಶ.

ದೂರದ್ದನ್ನು ಇಷ್ಟು ಚೆನ್ನಾಗಿ ತೋರಿಸುವ ಸಿಟಿ, ಹತ್ತಿರದ್ದರಲ್ಲಿ ಎಡವುತ್ತದೆ. ಗೆಡ್ಡೆ ಕರುಳಿನ ಗೋಡೆ ದಾಟಿ ಸುತ್ತಲಿನ ಕೊಬ್ಬಿಗೆ ನುಗ್ಗಿದ್ದರೆ ಗೊತ್ತಾಗುತ್ತದೆ. ಗೋಡೆಯ ಒಳಗೇ ಇದ್ದರೆ ಎಷ್ಟು ಪದರ ಕೊರೆದಿದೆ ಎಂದು ಹೇಳಲಾಗದು. ದುಗ್ಧಗ್ರಂಥಿಗಳ ವಿಷಯ ಇನ್ನೂ ಕಷ್ಟ: ಸೋಂಕಿಗೂ ಗ್ರಂಥಿ ಊದುತ್ತದೆ, ಊದದ ಪುಟ್ಟ ಗ್ರಂಥಿಯಲ್ಲೂ ಕ್ಯಾನ್ಸರ್ ಇರಬಹುದು. ಹೊಟ್ಟೆಯ ಒಳಪೊರೆಗೆ ಅಂಟಿದ ಸಣ್ಣ ಕಾಳುಗಳು ಎಷ್ಟೋ ಸಲ ಆಪರೇಷನ್ ಟೇಬಲ್ ಮೇಲೆಯೇ ಬಯಲಾಗುತ್ತವೆ. ಲಿವರಿನ ಚುಕ್ಕೆ ನೀರುಗುಳ್ಳೆಯೋ ಕ್ಯಾನ್ಸರೋ ತಿಳಿಯದಿದ್ದರೆ ಎಂಆರ್‌ಐ ಬೇಕಾಗುತ್ತದೆ. ಗುದನಾಳದ ಕ್ಯಾನ್ಸರಿನಲ್ಲಂತೂ ಗೆಡ್ಡೆಯ ಆಸುಪಾಸು ನೋಡಲು ಎಂಆರ್‌ಐಯೇ ಮೇಲು.

ಹೀಗಾಗಿ ‘ಗ್ರಂಥಿಗಳು ದೊಡ್ಡದಾಗಿಲ್ಲ’ ಎಂಬ ರಿಪೋರ್ಟನ್ನು ‘ಹರಡಿಲ್ಲ’ ಎಂದು ಓದಿಕೊಳ್ಳಬಾರದು. ಆಪರೇಷನ್‌ನಲ್ಲಿ ತೆಗೆದ ಕರುಳಿನ ಜೊತೆ ಕನಿಷ್ಠ 12 ಗ್ರಂಥಿಗಳನ್ನಾದರೂ ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ ಅವುಗಳ ಲೆಕ್ಕ ಇತ್ಯರ್ಥವಾಗುವುದು.

ಬೆಂಗಳೂರಿನ ತ್ಯಾಗರಾಜನಗರದವರು ಈ ಸ್ಕ್ಯಾನ್‌ಗೆ ದೂರ ಹೋಗಬೇಕಿಲ್ಲ. ಜಯನಗರ, ಬನಶಂಕರಿಗಳಲ್ಲೇ ಆಗುತ್ತದೆ. ಅಲ್ಲಿ ಮಾಡಿಸಿಕೊಂಡು ಚಿಕಿತ್ಸೆಗೆ ಬೇರೆಡೆ, ಉದಾಹರಣೆಗೆ ಹೊಸೂರು ರಸ್ತೆಯಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ, ಹೋಗುವವರು ರಿಪೋರ್ಟಿನ ಹಾಳೆಯಷ್ಟನ್ನೇ ಒಯ್ದರೆ ಸಾಲದು. ವೈದ್ಯರು ಚಿತ್ರಗಳನ್ನೇ ನೋಡಬೇಕಾಗುತ್ತದೆ. ಕಿಮೋಥೆರಪಿಯ ನಂತರದ ಸ್ಕ್ಯಾನನ್ನು ಹೋಲಿಸಿ ನೋಡುವುದೂ ಮೊದಲಿನದರ ಜೊತೆಗೇ. ಮೊದಲ ಸ್ಕ್ಯಾನಿನ ಚಿತ್ರಗಳಿರುವ ಸಿಡಿಯನ್ನು ಜೋಪಾನವಾಗಿಡಿ.